ಪಹಣಿಯೂ ಸಾಧನವೃಕ್ಷವೂ: ಯಂತ್ರಾಂಶದ ದಾಖಲೆಯ ಚರಿತ್ರೆಯಲ್ಲಿ ಒಂದು ಅಧ್ಯಾಯ

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಮಂಕಿ, ಹೊನ್ನಾವರಕ್ಕೂ ಮುರ್ಡೇಶ್ವರಕ್ಕೂ ನಡುವೆ ಕಡಲಂಚಿನಲ್ಲಿ ಹಬ್ಬಿಕೊಂಡಿರುವ ಊರು. ಅಲ್ಲಿಯ ಒಂದು ತೆಂಗಿನ ತೋಟ ಯಾರ ಹೆಸರಿನಲ್ಲಿದೆ, ಅದರ ವಿಸ್ತೀರ್ಣವೆಷ್ಟು, ನೀರಿನ ಆಸರೆ ಏನು, ಅದರ ಮೇಲೆ ಸಾಲದ ಭಾರವಿದೆಯೇ ಎಂಬುದನ್ನು ತಿಳಿಯಬೇಕಾದವರು ಆ ತೋಟದ ಬೇಲಿಯ ಬಳಿ ಹೋಗಿ ನಿಲ್ಲಬೇಕಾಗಿಲ್ಲ. ಸರ್ವೆ ನಂಬರು ಮತ್ತು ಹಿಸ್ಸಾ ನಂಬರು ಗೊತ್ತಿದ್ದರೆ ಪಹಣಿಯ ಒಂದು ಹಾಳೆ ಸಾಕು. ಬ್ಯಾಂಕಿನ ಮ್ಯಾನೇಜರು ಹಾಸನದವರಿರಲಿ, ತಹಸೀಲ್ದಾರರು ಬೀದರಿನಿಂದ ವರ್ಗವಾಗಿ ಬಂದವರಿರಲಿ, ಮಂಕಿಯ ನೆಲವನ್ನು ಎಂದೂ ಮೆಟ್ಟದ ಆ ಅಧಿಕಾರಿ ಆ ಹಾಳೆಯನ್ನು ನೋಡಿ ತಮ್ಮ ಕೆಲಸವನ್ನು ಮಾಡಬಲ್ಲರು. ನೆಲದ ವಿವರ ಒಂದು ಕಡೆ, ನೆಲದ ವ್ಯವಹಾರವನ್ನು ನಡೆಸುವ ವಿಧಾನ ಇನ್ನೊಂದು ಕಡೆ ಎಂಬ ಈ ವಿಭಜನೆ ನಮಗೆ ಇಂದು ಎಷ್ಟು ಸಹಜವಾಗಿ ಕಾಣುತ್ತದೆಂದರೆ, ಅದು ಒಂದು ಕಾಲದಲ್ಲಿ ಇರಲಿಲ್ಲವೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.

ಕಂಪ್ಯೂಟರಿನ ಒಳಗೂ ಇಂಥದೇ ಒಂದು ವಿಭಜನೆ ನಡೆದಿದೆ. ಅದು ನಡೆದದ್ದು ತೀರ ಈಚೆಗೆ. ಮುಖ್ಯವಾಗಿ 2005ರಿಂದ 2013ರವರೆಗಿನ ಅವಧಿಯಲ್ಲಿ. ಯಂತ್ರದಲ್ಲಿ ಯಾವ ಬಿಡಿಭಾಗ ಎಲ್ಲಿದೆ ಎಂಬ ಜ್ಞಾನವನ್ನು ಅದನ್ನು ನಡೆಸುವ ತಂತ್ರಾಂಶದಿಂದ ಬಿಡಿಸಿ, ಬೇರೆಯೇ ಆದ ಒಂದು ದಾಖಲೆಯಲ್ಲಿ ಬರೆದಿಡುವ ಆ ಪದ್ಧತಿಗೆ ಡಿವೈಸ್ ಟ್ರೀ ಎಂದು ಹೆಸರು. ಕನ್ನಡದಲ್ಲಿ ಸಾಧನವೃಕ್ಷ ಎನ್ನಬಹುದು. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನಲ್ಲಿ ಈ ಬದಲಾವಣೆ ಹೇಗೆ ಬಂದಿತು, ಅದರ ಒಂದು ಸಣ್ಣ ಬಸ್ ಡ್ರೈವರಿನಲ್ಲಿ ಏನು ಮಾಡಬೇಕಾಯಿತು, ಬೆಂಗಳೂರಿನ ತಾಂತ್ರಿಕ ಚರಿತ್ರೆಗೆ ಇದರ ಸಂಬಂಧವೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕಡತ ಯಾರ ಕೈಯಲ್ಲಿ?

ಹಳೆಯ ಗ್ರಾಮಾಡಳಿತದಲ್ಲಿ ಲೆಕ್ಕದ ಹೊಣೆ ಶಾನುಭೋಗರದು. ಮಸಿ ಮತ್ತು ಹುಣಿಸೆಬೀಜದ ಸರಿ ಬಳಿದು ಕಪ್ಪು ಮಾಡಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಪುಸ್ತಕಕ್ಕೆ ಕಡತವೆಂದು ಹೆಸರು. ಕಡತದಲ್ಲಿ ಬರೆದಿರುತ್ತಿದ್ದುದು ಸ್ವಲ್ಪ. ಶಾನುಭೋಗರ ತಲೆಯಲ್ಲಿ ಇರುತ್ತಿದ್ದುದು ಬಹಳ. ಯಾವ ಗದ್ದೆಯ ಗಡಿ ಯಾವ ಹಲಸಿನ ಮರದವರೆಗೆ, ಯಾವ ಕಾಲುವೆಯ ನೀರು ಯಾರಿಗೆ ಮೊದಲು ಎಂಬುದೆಲ್ಲ ತಂದೆಯಿಂದ ಮಗನಿಗೆ ಹರಿದುಬರುತ್ತಿದ್ದ ತಿಳಿವಳಿಕೆ. ಆದುದರಿಂದಲೇ ಆ ಹುದ್ದೆ ವಂಶಪಾರಂಪರ್ಯವಾಗಿತ್ತು. ದಾಖಲೆಯೂ ಅದನ್ನು ಓದುವ ವಿದ್ಯೆಯೂ ಒಂದೇ ಮನೆಯಲ್ಲಿದ್ದವು; ಆ ಮನೆಯನ್ನು ಬಿಟ್ಟು ಊರಿನ ಲೆಕ್ಕ ನಡೆಯುವಂತಿರಲಿಲ್ಲ.

ಉತ್ತರ ಕನ್ನಡವು 1862ರಲ್ಲಿ ಮದರಾಸು ಪ್ರಾಂತದಿಂದ ಬಿಡಿಸಲ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂಬಯಿಯ ಸರ್ವೆ ಪದ್ಧತಿಯು ಪ್ರತಿಯೊಂದು ಹಿಡುವಳಿಗೂ ಅಳತೆ ಮತ್ತು ನಂಬರುಗಳನ್ನು ಕೊಟ್ಟಿತು. ಮುಂದೆ 1950ರ ಕಾಯಿದೆಯಿಂದ ಮುಂಬಯಿ ಪ್ರಾಂತದ ಕುಲಕರ್ಣಿ ವತನುಗಳೂ, ಮೈಸೂರು ರಾಜ್ಯದ 1961ರ ಕಾಯಿದೆಯಿಂದ ಉಳಿದೆಡೆಯ ವಂಶಪಾರಂಪರ್ಯ ಗ್ರಾಮಾಧಿಕಾರಗಳೂ ರದ್ದಾದವು. ವರ್ಗವಾಗಿ ಹೋಗಬಲ್ಲ, ವರ್ಗವಾಗಿ ಬರಬಲ್ಲ ಗ್ರಾಮಲೆಕ್ಕಿಗನು ಆ ಸ್ಥಾನಕ್ಕೆ ಬಂದನು. ಅಂಥವನು ಕೆಲಸ ಮಾಡಬೇಕಾದರೆ ಒಂದು ಷರತ್ತು ಈಡೇರಬೇಕು: ಊರಿನ ವಿವರವೆಲ್ಲ ನಿಶ್ಚಿತವಾದ ಕಲಮುಗಳುಳ್ಳ ನಮೂನೆಯಲ್ಲಿ, ಯಾವ ಊರಿನವನು ಓದಿದರೂ ಒಂದೇ ಅರ್ಥ ಬರುವಂತೆ ಬರೆದಿರಬೇಕು. ಹಕ್ಕು, ಗೇಣಿ ಮತ್ತು ಪಹಣಿ ಪತ್ರಿಕೆಯ 9ನೆಯ ಕಲಮಿನಲ್ಲಿ ಒಡೆಯನ ಹೆಸರು, 12ನೆಯ ಕಲಮಿನಲ್ಲಿ ಸಾಗುವಳಿಯ ವಿವರ ಎಂಬ ನಿಯಮ ಮಂಕಿಗೂ ಒಂದೇ, ಮಾಲೂರಿಗೂ ಒಂದೇ. ಈ ಏಕರೂಪತೆಯಿಲ್ಲದೆ 2000ದ ದಶಕದ ಆರಂಭದಲ್ಲಿ ಕರ್ನಾಟಕದ ಭೂಮಿ ಯೋಜನೆ ಸಾಧ್ಯವಾಗುತ್ತಿರಲಿಲ್ಲ. ಆಗ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕೀಕರಣಗೊಂಡು, ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ದೊರೆಯುವಂತಾಯಿತು.

ಹೇಳುವ ಬಸ್ಸು, ಹೇಳದ ಬಸ್ಸು

ಬಸ್ ಡ್ರೈವರ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಸಾರಿಗೆ ಸಂಸ್ಥೆಯ ಕೆಂಪು ಬಸ್ಸು. ಕಂಪ್ಯೂಟರಿನಲ್ಲಿ ಬಸ್ ಎಂದರೆ ಸಂಸ್ಕಾರಕಕ್ಕೂ ಅದರ ಸುತ್ತಲಿನ ಬಿಡಿಭಾಗಗಳಿಗೂ ನಡುವೆ ಸಂದೇಶಗಳು ಸಾಗುವ ತಂತಿಗಳ ಸಮೂಹ. ಅನೇಕ ಬಿಡಿಭಾಗಗಳು ಒಂದೇ ಹಾದಿಯನ್ನು ಹಂಚಿಕೊಳ್ಳುವುದರಿಂದ ಆ ಹೆಸರು. ಆ ಹಾದಿಯ ಸಂಚಾರವನ್ನು ನಿಯಂತ್ರಿಸುವ, ಕರ್ನೆಲ್ಲಿನ ಭಾಗವಾದ ತಂತ್ರಾಂಶವೇ ಬಸ್ ಡ್ರೈವರ್.

ಬಸ್ಸುಗಳಲ್ಲಿ ಎರಡು ಜಾತಿ. ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ 1990ರ ದಶಕದಲ್ಲಿ ಬಳಕೆಗೆ ಬಂದ ಪಿಸಿಐ ಬಸ್ಸು ಮೊದಲನೆಯ ಜಾತಿಗೆ ಸೇರಿದ್ದು. ಅದಕ್ಕೆ ಸಿಕ್ಕಿಸಿದ ಪ್ರತಿಯೊಂದು ಕಾರ್ಡಿನಲ್ಲೂ ತಯಾರಕನ ಸಂಖ್ಯೆ, ಸಾಧನದ ಸಂಖ್ಯೆ ಎಂಬ ಗುರುತುಗಳಿರುತ್ತವೆ. ಕರ್ನೆಲ್ ಒಂದೊಂದೇ ಸ್ಥಾನವನ್ನು ವಿಚಾರಿಸುತ್ತ ಹೋದರೆ ಪ್ರತಿಯೊಂದು ಕಾರ್ಡೂ ತಾನು ಯಾರೆಂದು ಹೇಳುತ್ತದೆ. ಇಲ್ಲಿ ಬೇರೆ ದಾಖಲೆ ಬೇಡ.

ಎರಡನೆಯ ಜಾತಿಗೆ ಐಟುಸಿ ಎಂಬ ಬಸ್ಸು ಒಳ್ಳೆಯ ಉದಾಹರಣೆ. ಫಿಲಿಪ್ಸ್ ಸಂಸ್ಥೆ 1982ರಲ್ಲಿ ರೂಪಿಸಿದ ಇದರಲ್ಲಿ ಇರುವುದು ಎರಡೇ ತಂತಿ: ಒಂದು ದತ್ತಾಂಶಕ್ಕೆ, ಒಂದು ಗಡಿಯಾರದ ಮಿಡಿತಕ್ಕೆ. ಮೂಲ ವೇಗ ಸೆಕೆಂಡಿಗೆ 1 ಲಕ್ಷ ಮಿಡಿತ. ಪ್ರತಿಯೊಂದು ಚಿಪ್ಪಿಗೂ ಏಳು ಬಿಟ್ಟುಗಳ ಒಂದು ವಿಳಾಸ. ಉಷ್ಣತೆಯನ್ನು ಅಳೆಯುವ ಚಿಪ್ಪು, ವಿದ್ಯುತ್ತನ್ನು ಹಂಚುವ ಚಿಪ್ಪು, ಗುರುತಿನ ವಿವರ ಹಿಡಿದಿಡುವ ಸಣ್ಣ ನೆನಪಿನ ಚಿಪ್ಪು ಇಂಥವೆಲ್ಲ ಇದರ ಮೇಲೆ ಕುಳಿತಿರುತ್ತವೆ. ಅಗ್ಗವೂ ಸರಳವೂ ಆದುದರಿಂದ ಇದು ಎಲ್ಲೆಡೆ ಹಬ್ಬಿತು. ಆದರೆ ಇದರ ಚಿಪ್ಪುಗಳಿಗೆ ತಮ್ಮ ಪರಿಚಯ ಹೇಳಿಕೊಳ್ಳುವ ಕಡ್ಡಾಯದ ವಿಧಾನವೇನೂ ಇಲ್ಲ. ಒಂದು ವಿಳಾಸದ ಬಾಗಿಲು ತಟ್ಟಿದರೆ ಒಳಗಿನಿಂದ ‘ಹೂಂ’ ಎಂಬ ದನಿ ಬರಬಹುದು; ಹೂಂಗುಟ್ಟಿದವರು ಯಾರೆಂಬುದು ತಿಳಿಯುವುದಿಲ್ಲ. ಹದಿನಾರರ ಮೂಲದ ಎಣಿಕೆಯಲ್ಲಿ 48 ಎಂಬ ವಿಳಾಸದಲ್ಲಿ ಒಂದು ಯಂತ್ರದಲ್ಲಿ ಉಷ್ಣಮಾಪಕವಿದ್ದರೆ ಇನ್ನೊಂದರಲ್ಲಿ ವಿದ್ಯುದ್ವೋಲ್ಟೇಜನ್ನು ಅಂಕಿಗೆ ಪರಿವರ್ತಿಸುವ ಚಿಪ್ಪಿರುತ್ತದೆ. ಒಂದಕ್ಕೆ ಕೊಡಬೇಕಾದ ಆಜ್ಞೆಯನ್ನು ಇನ್ನೊಂದಕ್ಕೆ ಕೊಟ್ಟರೆ ತಪ್ಪು ಲೆಕ್ಕ ಬರುವುದು ನಿಶ್ಚಯ. ವಿದ್ಯುತ್ ಹಂಚುವ ಚಿಪ್ಪಿನ ವಿಷಯದಲ್ಲಾದರೆ ಹಲಗೆಯೇ ಸುಡಬಹುದು. ಯಾವ ವಿಳಾಸದಲ್ಲಿ ಯಾವುದಿದೆ ಎಂಬುದನ್ನು ಯಾರಾದರೂ ಮೊದಲೇ ಬರೆದು ತಿಳಿಸಬೇಕು. ಎಲ್ಲಿ ಬರೆಯಬೇಕು ಎಂಬ ಪ್ರಶ್ನೆಯಿಂದಲೇ ನಮ್ಮ ಕಥೆ ಮೊದಲಾಗುತ್ತದೆ.

ಸಿಂಪ್ಯೂಟರಿನ ಕಾಲ

ಕರ್ನಾಟಕದಲ್ಲಿ ಈ ಪ್ರಶ್ನೆಯ ಹಿನ್ನೆಲೆಯನ್ನು ಅರಿಯಲು ಸಿಂಪ್ಯೂಟರನ್ನು ನೆನೆಯಬೇಕು. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ವಿಚಾರಸಂಕಿರಣದ ಸಂದರ್ಭದಲ್ಲಿ ಹುಟ್ಟಿದ ಆಲೋಚನೆಯಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರರೂ ಸೇರಿ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿದರು. ಓದುಬರಹ ಬಾರದವನೂ ಚಿತ್ರ, ಸ್ಪರ್ಶ ಮತ್ತು ಧ್ವನಿಗಳ ಮೂಲಕ ಬಳಸಬಹುದಾದ, ಒಂದು ಊರಿನವರು ಸ್ಮಾರ್ಟ್ ಕಾರ್ಡಿನ ಮೂಲಕ ಹಂಚಿಕೊಳ್ಳಬಹುದಾದ ಕೈಗಂಪ್ಯೂಟರನ್ನು ರೂಪಿಸುವುದು ಅವರ ಗುರಿ. 2001ರ ಏಪ್ರಿಲ್‌ನಲ್ಲಿ ಅದರ ಮೊದಲ ರೂಪ ಪ್ರಕಟವಾಯಿತು. ಇಂಟೆಲ್ ಸಂಸ್ಥೆಯ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ, 320 ಅಡ್ಡ 240 ಬಿಂದುಗಳ ಪರದೆ, ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇವು ಅದರ ಅಂಗಗಳು. 2004ರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಲ್ಲಿ ಪಿಕೋಪೇಟ ಸಂಸ್ಥೆಯು ಅಮಿಡ ಎಂಬ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಕರ್ನಾಟಕ ಸರ್ಕಾರವು ಭೂದಾಖಲೆಗಳ ಮಾಹಿತಿ ಸಂಗ್ರಹಕ್ಕೆ ಸಿಂಪ್ಯೂಟರನ್ನು ಬಳಸಿತೆಂಬುದು ನಮ್ಮ ವಿಷಯದ ದೃಷ್ಟಿಯಿಂದ ಸ್ವಾರಸ್ಯಕರ. ಆದರೆ ಮಾರಾಟ ನಿರೀಕ್ಷೆಯನ್ನು ಮುಟ್ಟಲಿಲ್ಲ. 50 ಸಾವಿರದ ಅಂದಾಜಿನೆದುರು ಮಾರಾಟವಾದದ್ದು ಸುಮಾರು 4 ಸಾವಿರ.

ಸಿಂಪ್ಯೂಟರಿನ ಹಿನ್ನಡೆಗೆ ಬೆಲೆ, ಮಾರುಕಟ್ಟೆ, ಮೊಬೈಲ್ ಫೋನಿನ ಏಳಿಗೆ ಮೊದಲಾದ ಕಾರಣಗಳನ್ನು ಅನೇಕರು ಚರ್ಚಿಸಿದ್ದಾರೆ. ಇಲ್ಲಿ ನಮಗೆ ಬೇಕಾದದ್ದು ಆ ಕಾಲದ ತಾಂತ್ರಿಕ ರೂಢಿ. ಸ್ಟ್ರಾಂಗ್‌ಆರ್ಮ್‌ನಂಥ ಆರ್ಮ್ ಸಂಸ್ಕಾರಕವನ್ನು ಬಳಸಿ ಹೊಸ ಹಲಗೆಯೊಂದನ್ನು ಕಟ್ಟಿದವರು ಅದರ ಮೇಲೆ ಲಿನಕ್ಸ್ ಓಡಬೇಕಾದರೆ ಬೋರ್ಡ್ ಫೈಲ್ ಎಂಬ ಒಂದು ಕಡತವನ್ನು ಸಿ ಭಾಷೆಯಲ್ಲಿ ಬರೆದು ಕರ್ನೆಲ್ಲಿನೊಳಗೆ ಸೇರಿಸಬೇಕಾಗಿತ್ತು. ಪರದೆ ಇಲ್ಲಿ, ಗುಂಡಿ ಅಲ್ಲಿ, ಈ ಬಸ್ಸಿನ ಮೇಲೆ ಈ ವಿಳಾಸದಲ್ಲಿ ಇಂಥ ಚಿಪ್ಪು ಎಂಬ ವಿವರವೆಲ್ಲ ಆ ಕಡತದಲ್ಲಿ ಕಾರ್ಯವಿಧಾನದೊಡನೆ ಹೆಣೆದುಕೊಂಡಿರುತ್ತಿತ್ತು. ಒಂದು ಹಲಗೆಗೆ ಒಂದು ಕಡತ. ಎರಡು ಹಲಗೆಗಳ ನಡುವೆ ಒಂದೇ ಒಂದು ಚಿಪ್ಪಿನ ವ್ಯತ್ಯಾಸವಿದ್ದರೂ ಎರಡು ಕಡತ. ಬಹುಮಟ್ಟಿಗೆ ಒಂದು ಹಲಗೆಗಾಗಿ ಕಟ್ಟಿದ ಕರ್ನೆಲ್ ಇನ್ನೊಂದರ ಮೇಲೆ ಓಡುತ್ತಿರಲಿಲ್ಲ. ಆ ಕಡತವನ್ನು ಬರೆದ ಎಂಜಿನಿಯರನೇ ಆ ಹಲಗೆಯ ಶಾನುಭೋಗ. ಅವನು ಬೇರೆ ಕೆಲಸಕ್ಕೆ ಹೋದರೆ, ಅಥವಾ ಅವನ ಸಂಸ್ಥೆ ಮುಚ್ಚಿದರೆ, ಕರ್ನೆಲ್ಲಿನ ಮುಂದಿನ ಆವೃತ್ತಿಗಳಿಗೆ ಆ ಕಡತವನ್ನು ಹೊಂದಿಸುವವರಿಲ್ಲದೆ ಹಲಗೆಯೂ ಅನಾಥವಾಗುತ್ತಿತ್ತು. ಯಂತ್ರಾಂಶ ಕೆಡದೆಯೇ ಯಂತ್ರ ಸಾಯುವುದೆಂದರೆ ಇದೇ.

ವೃಕ್ಷದ ಬೇರು

ಸಾಧನವೃಕ್ಷದ ಬೀಜ ಬಿದ್ದದ್ದು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ. 1980ರ ದಶಕದ ಕೊನೆಯಲ್ಲಿ ಮಿಚ್ ಬ್ರಾಡ್ಲಿ ಅಲ್ಲಿ ಓಪನ್‌ಬೂಟ್ ಎಂಬ ಪ್ರಾರಂಭಿಕ ತಂತ್ರಾಂಶವನ್ನು ರೂಪಿಸಿದರು. ಯಂತ್ರ ಎಚ್ಚರಗೊಂಡೊಡನೆ ಅದು ತನ್ನ ಅಂಗಾಂಗಗಳನ್ನೆಲ್ಲ ಒಂದು ಮರದ ಆಕಾರದಲ್ಲಿ ವರ್ಣಿಸಿ ಕಾರ್ಯಾಚರಣ ವ್ಯವಸ್ಥೆಯ ಕೈಗೆ ಕೊಡುತ್ತಿತ್ತು. ಬುಡದಲ್ಲಿ ಯಂತ್ರ, ಕೊಂಬೆಗಳಲ್ಲಿ ಬಸ್ಸುಗಳು, ರೆಂಬೆಗಳಲ್ಲಿ ಸಾಧನಗಳು. ಇದೇ ಮುಂದೆ ಓಪನ್ ಫರ್ಮ್‌ವೇರ್ ಎಂಬ ಹೆಸರಿನಿಂದ 1994ರಲ್ಲಿ ಐಇಇಇ 1275 ಎಂಬ ಮಾನಕವಾಯಿತು. ಆಪಲ್ ಮತ್ತು ಐಬಿಎಂ ಸಂಸ್ಥೆಗಳು ತಮ್ಮ ಪವರ್‌ಪಿಸಿ ಯಂತ್ರಗಳಲ್ಲಿ ಇದನ್ನು ಅಳವಡಿಸಿಕೊಂಡವು.

ಸಣ್ಣ ಹಲಗೆಗಳಿಗೆ ಅಷ್ಟು ದೊಡ್ಡ ಪ್ರಾರಂಭಿಕ ತಂತ್ರಾಂಶ ಹೊರೆ. 2005ರಲ್ಲಿ ಬೆಂಜಮಿನ್ ಹೆರೆನ್‌ಶ್ಮಿಟ್ ಮೊದಲಾದವರು ಇದಕ್ಕೊಂದು ಉಪಾಯ ಕಂಡುಕೊಂಡರು. ಮರವನ್ನು ವರ್ಣಿಸುವ ಜೀವಂತ ತಂತ್ರಾಂಶ ಬೇಡ. ಮರದ ಒಂದು ಚಪ್ಪಟೆ ಪ್ರತಿ ಸಾಕು. ಮನುಷ್ಯರು ಓದಬಹುದಾದ ಪಠ್ಯರೂಪದಲ್ಲಿ ಅದನ್ನು ಬರೆದು, ಡಿಟಿಸಿ ಎಂಬ ಪರಿವರ್ತಕದಿಂದ ಯಂತ್ರರೂಪಕ್ಕೆ ತಂದು, ಕರ್ನೆಲ್ ಆರಂಭವಾಗುವಾಗ ಅದರ ಕೈಗಿಡಬಹುದು. ಪವರ್‌ಪಿಸಿಯ 32 ಮತ್ತು 64 ಬಿಟ್ಟುಗಳ ಎರಡು ಲಿನಕ್ಸ್ ಶಾಖೆಗಳನ್ನು ಒಂದುಗೂಡಿಸುವಾಗ ಇದನ್ನೇ ಎಲ್ಲ ಹಲಗೆಗಳಿಗೂ ಕಡ್ಡಾಯ ಮಾಡಲಾಯಿತು. 2010ರಲ್ಲಿ ಫ್ರೀಬಿಎಸ್‌ಡಿ ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯೂ ಇದನ್ನು ಸ್ವೀಕರಿಸಿತು. ಇದು ಗಮನಾರ್ಹ. ಕಚೇರಿ ಬದಲಾದರೂ ಪಹಣಿ ಬದಲಾಗಬೇಕಿಲ್ಲವಾದಂತೆ, ಒಂದೇ ದಾಖಲೆಯನ್ನು ಎರಡು ಬೇರೆ ಬೇರೆ ಕರ್ನೆಲ್ಲುಗಳು ಓದಬಹುದೆಂಬುದು ಇದರಿಂದ ಸಿದ್ಧವಾಯಿತು.

2011ರ ಬಿಕ್ಕಟ್ಟು ಮತ್ತು ಬೆಂಗಳೂರು

ಆರ್ಮ್ ಲೋಕ ಮಾತ್ರ ಹಳೆಯ ಹಾದಿಯಲ್ಲೇ ಸಾಗುತ್ತಿತ್ತು. ಮೊಬೈಲ್ ಫೋನುಗಳ ಭರಾಟೆಯಲ್ಲಿ ಬೋರ್ಡ್ ಕಡತಗಳು ನೂರಾರು ಆದವು. ಪ್ರತಿಯೊಂದು ಸಂಸ್ಥೆಯೂ ತನ್ನ ಹಲಗೆಗಳಿಗೆ ತನ್ನದೇ ರೀತಿಯಲ್ಲಿ ಬರೆಯುತ್ತಿದ್ದುದರಿಂದ ಒಂದೇ ಬಗೆಯ ಬರಹದ ನೂರಾರು ನಕಲುಗಳು ಕರ್ನೆಲ್ಲಿನೊಳಗೆ ರಾಶಿಬಿದ್ದವು. 2011ರ ಮಾರ್ಚ್‌ನಲ್ಲಿ ಲಿನಕ್ಸಿನ ಕರ್ತೃ ಲೈನಸ್ ಟೋರ್ವಾಲ್ಡ್ಸ್ ಈ ಅವ್ಯವಸ್ಥೆಯ ಬಗ್ಗೆ ಬಹಿರಂಗವಾಗಿಯೇ ತೀವ್ರ ಅಸಮಾಧಾನ ವ್ಯಕ್ತಪಡಿಸಿದರು. ಅದರ ಫಲವಾಗಿ ಆರ್ಮ್ ಚಿಪ್ಪುಗಳ ಬರಹವನ್ನು ಒಂದೆಡೆ ಸೇರಿಸಿ ಪರಿಶೀಲಿಸುವ ವ್ಯವಸ್ಥೆ ಬಂದಿತು. ಪವರ್‌ಪಿಸಿಯ ಸಾಧನವೃಕ್ಷವನ್ನು ಆರ್ಮ್‌ಗೆ ತರುವ, ಗ್ರಾಂಟ್ ಲೈಕ್ಲಿಯವರ ನೇತೃತ್ವದಲ್ಲಿ ಮೊದಲೇ ಆರಂಭವಾಗಿದ್ದ ಕಾರ್ಯ ಚುರುಕಾಯಿತು. 2012ರ ಡಿಸೆಂಬರಿನಲ್ಲಿ ಬಂದ 3.7ನೆಯ ಆವೃತ್ತಿಯಲ್ಲಿ ಬೇರೆ ಬೇರೆ ತಯಾರಕರ ಆರ್ಮ್ ಚಿಪ್ಪುಗಳ ಮೇಲೆ ಒಂದೇ ಕರ್ನೆಲ್ ಓಡುವುದು ಸಾಧ್ಯವಾಯಿತು.

ಈ ಪರಿವರ್ತನೆಯ ಒಂದು ಮುಖ್ಯ ಪ್ರಯೋಗಭೂಮಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಚಿಪ್ಪುಗಳು. 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರವನ್ನು ತೆರೆದು, ಉಪಗ್ರಹ ಸಂಪರ್ಕದ ಮೂಲಕ ಕೆಲಸ ನಡೆಸಿದ ಈ ಸಂಸ್ಥೆ ನಗರದ ತಾಂತ್ರಿಕ ಚರಿತ್ರೆಯ ಮೊದಲ ಪುಟಗಳಲ್ಲಿ ಬರುತ್ತದೆ. ಅದರ ದಾವಿಂಚಿ, ಒಮ್ಯಾಪ್ ಮತ್ತು ಸಿತಾರಾ ವರ್ಗದ ಚಿಪ್ಪುಗಳ ಲಿನಕ್ಸ್ ಕೆಲಸದಲ್ಲಿ ಬೆಂಗಳೂರಿನ ಎಂಜಿನಿಯರರು ಪಾಲ್ಗೊಂಡರು. 2011ರಲ್ಲಿ ಹೊರಬಂದ ಎಎಂ335ಎಕ್ಸ್ ಎಂಬ ಸಿತಾರಾ ಚಿಪ್ಪಿನ ವಿಷಯ ಇಲ್ಲಿ ವಿಶೇಷವಾದದ್ದು. ಅದು ಮುಖ್ಯವಾಹಿನಿಯ ಕರ್ನೆಲ್ಲನ್ನು ಪ್ರವೇಶಿಸಿದ್ದು ಬೋರ್ಡ್ ಕಡತವಿಲ್ಲದೆ, ಸಾಧನವೃಕ್ಷವನ್ನೇ ನೆಚ್ಚಿಕೊಂಡು.

ಬಸ್ ಡ್ರೈವರಿನೊಳಗೆ ನಡೆದದ್ದು

ಈ ಚಿಪ್ಪುಗಳಲ್ಲಿರುವ ಐಟುಸಿ ಬಸ್ಸನ್ನು ನಡೆಸುವ ಡ್ರೈವರಿಗೆ ಸಾಧನವೃಕ್ಷವನ್ನು ಓದುವ ಶಕ್ತಿ ಬಂದದ್ದು 2012ರಲ್ಲಿ. ಸೇರಿಸಿದ ಬರಹ ಹೆಚ್ಚೇನೂ ಇಲ್ಲ. ಆದರೆ ಅದರಲ್ಲಿನ ಒಂದೊಂದು ಹೆಜ್ಜೆಯನ್ನೂ ನೋಡಿದರೆ ಅಧಿಕಾರ ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದು, ಹೆಸರಿನ ಹೊಂದಾಣಿಕೆ. ವೃಕ್ಷದಲ್ಲಿ ಸಾಧನವನ್ನು ವರ್ಣಿಸುವ ಗೆಣ್ಣಿನಲ್ಲಿ ಸಾಮಾನ್ಯವಾಗಿ ಕಂಪ್ಯಾಟಿಬಲ್ ಎಂಬ ಒಂದು ಗುಣವಿರುತ್ತದೆ. ಈ ಸಾಧನ ಯಾವುದಕ್ಕೆ ಸಮಾನ ಎಂದು ಅದು ಸಾರುತ್ತದೆ. ತಯಾರಕನ ಸಂಕ್ಷಿಪ್ತನಾಮ, ಬಳಿಕ ಅಲ್ಪವಿರಾಮ, ಬಳಿಕ ಸಾಧನದ ಹೆಸರು ಎಂಬುದು ಅದರ ಕ್ರಮ. ಒಮ್ಯಾಪ್ ಐಟುಸಿ ಡ್ರೈವರಿನಲ್ಲಿ ‘ಟಿಐ, ಒಮ್ಯಾಪ್3-ಐಟುಸಿ’, ‘ಟಿಐ, ಒಮ್ಯಾಪ್4-ಐಟುಸಿ’ ಎಂಬ ಹೆಸರುಗಳ ಪಟ್ಟಿಯೊಂದನ್ನು ಸೇರಿಸಲಾಯಿತು. ಈ ಎರಡು ಪೀಳಿಗೆಗಳಲ್ಲಿ ಚಿಪ್ಪಿನೊಳಗಿನ ರಿಜಿಸ್ಟರುಗಳ ಜೋಡಣೆ ಬೇರೆ ಬೇರೆ. ಹೆಸರನ್ನು ನೋಡಿದೊಡನೆ ಯಾವ ಜೋಡಣೆಯನ್ನು ಅನುಸರಿಸಬೇಕೆಂಬುದು ಡ್ರೈವರಿಗೆ ತಿಳಿಯುತ್ತದೆ. ಆಮೇಲೆ ಬಂದ ಎಎಂ335ಎಕ್ಸ್ ಚಿಪ್ಪು ತನ್ನ ವೃಕ್ಷದಲ್ಲಿ ತಾನು ‘ಒಮ್ಯಾಪ್4-ಐಟುಸಿ’ಗೆ ಸಮಾನವೆಂದು ಬರೆದುಕೊಂಡಿತು.

ಎರಡನೆಯದು, ಗುಣಗಳ ಓದು. ಬಸ್ಸಿನ ವೇಗವನ್ನು ಹಿಂದೆ ಬೋರ್ಡ್ ಕಡತ ನಿರ್ಧರಿಸುತ್ತಿತ್ತು. ಈಗ ಡ್ರೈವರು ವೃಕ್ಷದಲ್ಲಿ ಗಡಿಯಾರದ ಆವರ್ತನವೆಂಬ ಗುಣವನ್ನು ಹುಡುಕುತ್ತದೆ. ಸಿಗದಿದ್ದರೆ ಸೆಕೆಂಡಿಗೆ 1 ಲಕ್ಷವೆಂಬ ಮೂಲ ವೇಗವನ್ನೇ ಹಿಡಿಯುತ್ತದೆ.

ಮೂರನೆಯದು ಬಸ್ ಡ್ರೈವರಿಗೆ ಮಾತ್ರ ಸಂಬಂಧಿಸಿದ್ದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು. ಸಾಮಾನ್ಯ ಸಾಧನದ ಡ್ರೈವರು ತನ್ನ ಗೆಣ್ಣನ್ನು ಓದಿಕೊಂಡರೆ ಮುಗಿಯಿತು. ಬಸ್ಸಿನ ಗೆಣ್ಣಿಗಾದರೋ ಮಕ್ಕಳಿರುತ್ತಾರೆ. ಸರ್ವೆ ನಂಬರಿನೊಳಗೆ ಹಿಸ್ಸೆಗಳಿರುವಂತೆ. ಬಸ್ ಡ್ರೈವರು ತಾನು ಸಿದ್ಧವಾದ ಬಳಿಕ ತನ್ನ ಗೆಣ್ಣನ್ನು ಐಟುಸಿಯ ಸಾಮಾನ್ಯ ವಿಭಾಗಕ್ಕೆ ತೋರಿಸಿ, ಅದರಡಿಯ ಪ್ರತಿಯೊಂದು ಮಗುವನ್ನೂ ನೋಂದಾಯಿಸಬೇಕು. ಆಗ ಮಗುವಿನ ವಿಳಾಸವೂ ಹೆಸರೂ ಓದಲ್ಪಟ್ಟು, ಅದಕ್ಕೆ ತಕ್ಕ ಡ್ರೈವರು ಬಂದು ಸೇರುತ್ತದೆ. ಆರಂಭದಲ್ಲಿ ಪ್ರತಿಯೊಂದು ಬಸ್ ಡ್ರೈವರೂ ಈ ನೋಂದಣಿಯನ್ನು ತಾನೇ ಕೇಳಿಕೊಳ್ಳಬೇಕಾಗಿತ್ತು. 2013ರಲ್ಲಿ ಅದನ್ನು ಸಾಮಾನ್ಯ ವಿಭಾಗಕ್ಕೇ ವಹಿಸಲಾಯಿತು.

2011ರ ಅಕ್ಟೋಬರಿನಲ್ಲಿ ಬಂದ ಬೀಗಲ್‌ಬೋನ್ ಎಂಬ ಅಂಗೈಯಗಲದ ಹಲಗೆಯನ್ನು ಉದಾಹರಣೆಯಾಗಿ ನೋಡಬಹುದು. ಅದರ ವೃಕ್ಷದಲ್ಲಿ ಮೊದಲ ಐಟುಸಿ ಬಸ್ಸಿನ ಗೆಣ್ಣಿಗೆ ಸೆಕೆಂಡಿಗೆ 4 ಲಕ್ಷ ಮಿಡಿತದ ವೇಗವನ್ನು ಬರೆದಿದೆ. ಅದರ ಕೆಳಗೆ, ಹದಿನಾರರ ಮೂಲದ ಎಣಿಕೆಯಲ್ಲಿ 24 ಎಂಬ ವಿಳಾಸದಲ್ಲಿ ವಿದ್ಯುತ್ ಹಂಚುವ ಚಿಪ್ಪು, 50 ಎಂಬ ವಿಳಾಸದಲ್ಲಿ ಹಲಗೆಯ ಗುರುತು ಬರೆದಿಟ್ಟ ನೆನಪಿನ ಚಿಪ್ಪು. ಬಸ್ ಡ್ರೈವರಿಗೆ ಸಾಧನವೃಕ್ಷದ ವಿದ್ಯೆಯನ್ನು ಕಲಿಸಿದವರು ಫ್ರಾನ್ಸಿನಲ್ಲಿದ್ದರು. ಎಎಂ335ಎಕ್ಸ್ ಹಲಗೆಗಳ ವೃಕ್ಷಗಳನ್ನು ಬರೆದವರಲ್ಲಿ ಬೆಂಗಳೂರಿನವರಿದ್ದರು. ಎರಡೂ ಒಬ್ಬರ ತಲೆಯಲ್ಲೇ ಇರಬೇಕಾದ ಅಗತ್ಯ ಬೀಳಲಿಲ್ಲ. ಈ ಪದ್ಧತಿಯ ಸಾರ ಇರುವುದು ಇಲ್ಲಿ.

ಹೊಸ ಪದ್ಧತಿಯಿಂದ ಹೊಸ ತೊಡಕುಗಳೂ ಬಂದವು. ಬೋರ್ಡ್ ಕಡತದಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬ ಕ್ರಮವೂ ಅಡಗಿತ್ತು. ವೃಕ್ಷವಾದರೋ ಏನಿದೆಯೆಂದು ಹೇಳುತ್ತದೆಯೇ ಹೊರತು ಯಾವಾಗ ಎಬ್ಬಿಸಬೇಕೆಂದು ಹೇಳುವುದಿಲ್ಲ. ವಿದ್ಯುತ್ ಕೊಡುವ ಚಿಪ್ಪು ಏಳುವ ಮೊದಲೇ ಅದನ್ನು ನಂಬಿದ ಸಾಧನ ಎದ್ದರೆ ಕೆಲಸ ಕೆಡುತ್ತದೆ. ಆದುದರಿಂದ ‘ನನಗೆ ಬೇಕಾದದ್ದು ಇನ್ನೂ ಸಿದ್ಧವಿಲ್ಲ, ಆಮೇಲೆ ಕರೆಯಿರಿ’ ಎಂದು ಡ್ರೈವರೊಂದು ಹಿಂದೆ ಸರಿಯುವ ಕ್ರಮವನ್ನು ಕರ್ನೆಲ್ಲಿನ 3.4ನೆಯ ಆವೃತ್ತಿಯಲ್ಲಿ ಜಾರಿಗೆ ತರಲಾಯಿತು. ಬಸ್ಸುಗಳ ಕ್ರಮಸಂಖ್ಯೆ ಪ್ರತಿಸಲವೂ ಒಂದೇ ಆಗಿರಲೆಂದು ವೃಕ್ಷದಲ್ಲಿ ಅಡ್ಡಹೆಸರುಗಳ ಪಟ್ಟಿಯನ್ನು ಇಡುವ ರೂಢಿಯೂ ಬೇಕಾಯಿತು.

ತಪ್ಪು ದಾಖಲೆಯ ಪ್ರಶ್ನೆ

ದಾಖಲೆಗೆ ಅಧಿಕಾರ ಬಂದಷ್ಟೂ ದಾಖಲೆಯ ತಪ್ಪಿಗೂ ಅಧಿಕಾರ ಬರುತ್ತದೆ. ಇದು ಕರಾವಳಿಯ ಜನಕ್ಕೆ ಹೊಸ ಮಾತಲ್ಲ. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣೆ ಕಾಯಿದೆಯಂತೆ ಗೇಣಿದಾರರು ತಾವು ಉಳುವ ಭೂಮಿಯ ಒಡೆತನಕ್ಕೆ ಅರ್ಜಿ ಹಾಕಿದಾಗ, ಸಾಗುವಳಿಯ ಕಲಮಿನಲ್ಲಿ ಹೆಸರಿದ್ದವನ ದಾರಿ ಸುಗಮವಾಯಿತು. ತಲೆಮಾರುಗಳಿಂದ ಉಳುತ್ತಿದ್ದರೂ ಹೆಸರಿಲ್ಲದವನು ಸಾಕ್ಷಿಗಳನ್ನು ಕರೆತಂದು ನ್ಯಾಯಮಂಡಳಿಯ ಮುಂದೆ ತನ್ನ ಇರವನ್ನೇ ರುಜುವಾತುಪಡಿಸಬೇಕಾಯಿತು. ನೆಲದ ಮೇಲಿನ ಸತ್ಯ ಒಂದು, ಹಾಳೆಯ ಮೇಲಿನ ಸತ್ಯ ಇನ್ನೊಂದು ಆದಾಗ ಗೆಲ್ಲುವುದು ಸಾಮಾನ್ಯವಾಗಿ ಹಾಳೆಯೇ. ಕೈಬರಹದ ಪಹಣಿಯ ತಪ್ಪುಗಳು ಗಣಕಕ್ಕೆ ಏರಿದಾಗ ಅವು ಅಚ್ಚಾದ ತಪ್ಪುಗಳಾದವು. ತಿದ್ದುಪಡಿಗೆ ಅರ್ಜಿ, ವಿಚಾರಣೆ, ಆದೇಶಗಳ ದಾರಿಯನ್ನೇ ಹಿಡಿಯಬೇಕಾಯಿತು.

ಸಾಧನವೃಕ್ಷದಲ್ಲೂ ಹಾಗೆಯೇ. ಹಲಗೆಯ ಮೇಲೆ ಚಿಪ್ಪು ಇದ್ದು ವೃಕ್ಷದಲ್ಲಿ ಇಲ್ಲದಿದ್ದರೆ ಕರ್ನೆಲ್ಲಿನ ಪಾಲಿಗೆ ಆ ಚಿಪ್ಪು ಇಲ್ಲ. ವೃಕ್ಷದಲ್ಲಿ ಇದ್ದು ಹಲಗೆಯ ಮೇಲೆ ಇಲ್ಲದಿದ್ದರೆ ಡ್ರೈವರು ಇಲ್ಲದ ವಿಳಾಸದ ಬಾಗಿಲನ್ನು ತಟ್ಟಿ ಸೋಲುತ್ತದೆ. ಇನ್ನೂ ಕಷ್ಟದ್ದು ಭಾಷೆಯ ಪ್ರಶ್ನೆ. ಯಾವ ಗುಣಕ್ಕೆ ಯಾವ ಹೆಸರು, ಅದರ ಅರ್ಥವೇನು ಎಂಬ ಒಪ್ಪಂದಕ್ಕೆ ಬೈಂಡಿಂಗ್ ಎಂದು ಹೆಸರು. ಹಲಗೆಯ ಜೊತೆಗೆ ಮಾರಾಟವಾಗಿ ಹೋದ ವೃಕ್ಷವನ್ನು ಹತ್ತು ವರ್ಷದ ಅನಂತರದ ಕರ್ನೆಲ್ಲೂ ಓದಬಲ್ಲದಾಗಿರಬೇಕು. ಆದುದರಿಂದ ಒಮ್ಮೆ ಒಪ್ಪಿದ ಬೈಂಡಿಂಗನ್ನು ಮುರಿಯುವಂತಿಲ್ಲ ಎಂಬ ಶಿಸ್ತು ಬೆಳೆಯಿತು. 2011ರಿಂದ 2013ರ ಅವಸರದಲ್ಲಿ ಅನೇಕರು ಬೋರ್ಡ್ ಕಡತದ ತಮ್ಮ ಚರಾಂಕಗಳನ್ನೇ ಗುಣಗಳೆಂದು ವೃಕ್ಷಕ್ಕೆ ನಕಲು ಮಾಡಿದ್ದುಂಟು. ಯಂತ್ರಾಂಶದ ವರ್ಣನೆಯಾಗಬೇಕಾದದ್ದು ಒಂದು ನಿರ್ದಿಷ್ಟ ಡ್ರೈವರಿನ ಅಭ್ಯಾಸಗಳ ವರ್ಣನೆಯಾಯಿತು. ಅಂಥ ಗುಣಗಳನ್ನು ಇಂದಿಗೂ ಹೊತ್ತುಕೊಂಡು ಹೋಗಬೇಕಾಗಿದೆ. ಒಪ್ಪಂದಗಳನ್ನು ಗದ್ಯದಲ್ಲಿ ಬರೆಯುತ್ತಿದ್ದ ಕಾಲದಲ್ಲಿ ತಪ್ಪು ಹಿಡಿಯುವುದು ಮನುಷ್ಯರ ಕಣ್ಣಿಗೆ ಬಿಟ್ಟದ್ದಾಗಿತ್ತು. 2019ರ ಸುಮಾರಿಗೆ ಅವುಗಳನ್ನು ಯಂತ್ರವೇ ಪರೀಕ್ಷಿಸಬಲ್ಲ ನಿಯಮಗಳ ರೂಪಕ್ಕೆ ತರುವ ಕೆಲಸ ಆರಂಭವಾಗಿ ಮುಂದುವರಿದಿದೆ. ನಮೂನೆಯನ್ನು ಭರ್ತಿ ಮಾಡುವಾಗಲೇ ತಪ್ಪನ್ನು ತಡೆಯುವ ಪ್ರಯತ್ನವಿದು.

ಉಪಸಂಹಾರ

2012ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಫೋನುಗಳ ಚಿಪ್ಪಿನ ವ್ಯವಹಾರದಿಂದ ಹಿಂದೆ ಸರಿಯಿತು; ಆ ವರ್ಷದ ನವೆಂಬರಿನಲ್ಲಿ ಜಗತ್ತಿನಾದ್ಯಂತ ಸುಮಾರು 1,700 ಹುದ್ದೆಗಳನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿತು. ಒಮ್ಯಾಪ್‌ನ ಬರಹವನ್ನು ಬಲ್ಲ ಅನೇಕರು ಚದುರಿಹೋದರು. ಹಳೆಯ ಪದ್ಧತಿಯೇ ಇದ್ದಿದ್ದರೆ ಅವರೊಡನೆ ಆ ಹಲಗೆಗಳ ತಿಳಿವಳಿಕೆಯ ಬಹುಭಾಗವೂ ಹೋಗುತ್ತಿತ್ತು. ಹಾಗಾಗಲಿಲ್ಲ. ವೃಕ್ಷಗಳು ಕರ್ನೆಲ್ಲಿನ ಸಾರ್ವಜನಿಕ ಭಂಡಾರದಲ್ಲಿ ಉಳಿದವು. 2013ರ ಏಪ್ರಿಲ್‌ನಲ್ಲಿ 45 ಡಾಲರಿಗೆ ಬಂದ ಬೀಗಲ್‌ಬೋನ್ ಬ್ಲ್ಯಾಕ್ ಹಲಗೆಯನ್ನು ಕೊಂಡವರು ತಾವು ಜೋಡಿಸಿದ ಉಷ್ಣಮಾಪಕಕ್ಕೆ ಸಿ ಭಾಷೆಯ ಒಂದು ಸಾಲನ್ನೂ ಬರೆಯದೆ, ವೃಕ್ಷದಲ್ಲಿ ನಾಲ್ಕು ಸಾಲು ಸೇರಿಸಿ ಕೆಲಸ ನಡೆಸುವುದು ಸಾಧ್ಯವಾಯಿತು. ಇತ್ತ ಬಳಕೆದಾರರಿಲ್ಲದ ಹಳೆಯ ಬೋರ್ಡ್ ಕಡತಗಳನ್ನು 2023ರಲ್ಲಿ ದೊಡ್ಡ ಪ್ರಮಾಣದಲ್ಲಿ ಕರ್ನೆಲ್ಲಿನಿಂದ ತೆಗೆದುಹಾಕಲಾಯಿತು. ಅವುಗಳಲ್ಲಿ ಸಿಂಪ್ಯೂಟರಿನ ಕಾಲದ ಸ್ಟ್ರಾಂಗ್‌ಆರ್ಮ್ ಹಲಗೆಗಳ ಕೆಲವು ಕಡತಗಳೂ ಸೇರಿದ್ದವು. ಅವನ್ನು ಬಲ್ಲವರು ಎಂದೋ ಬೇರೆ ಕೆಲಸಗಳಿಗೆ ಹೋಗಿದ್ದರು.

ಸಿಂಪ್ಯೂಟರನ್ನು ಕಟ್ಟಿದವರ ಪ್ರತಿಭೆಯಲ್ಲಿ ಕೊರತೆಯಿರಲಿಲ್ಲ. ತಮ್ಮ ಯಂತ್ರಾಂಶದ ವಿನ್ಯಾಸವನ್ನು ಇತರರೂ ಬಳಸಬಹುದೆಂದು ಪರವಾನಗಿಯನ್ನೇ ರೂಪಿಸಿದ ಉದಾರಿಗಳು ಅವರು. ಆದರೆ ವಿನ್ಯಾಸವನ್ನು ಬಹಿರಂಗಪಡಿಸುವುದು ಬೇರೆ, ಆ ವಿನ್ಯಾಸದ ವಿವರವನ್ನು ಯಾವ ಕರ್ನೆಲ್ಲಾದರೂ ಓದುವ ನಮೂನೆಯಲ್ಲಿ ಬರೆದಿಡುವುದು ಬೇರೆ. ಎರಡನೆಯದಕ್ಕೆ ಬೇಕಾದ ನಮೂನೆ ಆಗ ಆರ್ಮ್ ಲೋಕದಲ್ಲಿ ಇರಲಿಲ್ಲ. ಅದು ಬರುವ ಹೊತ್ತಿಗೆ ಸಿಂಪ್ಯೂಟರ್ ಚರಿತ್ರೆಗೆ ಸೇರಿತ್ತು.

ನಮ್ಮ ನಾಡಿನಲ್ಲಿ ಮುಂದೆ ಇನ್ನೂ ಅನೇಕ ಹಲಗೆಗಳು ರೂಪುಗೊಳ್ಳಲಿವೆ. ಗದ್ದೆಯ ತೇವವನ್ನೋ ದೋಣಿಯ ಎಂಜಿನ್ನನ್ನೋ ಅಳೆಯುವ ಸಣ್ಣ ಸಾಧನಗಳು ಕರಾವಳಿಯ ಕಾಲೇಜುಗಳಲ್ಲೂ ಹುಟ್ಟಬಲ್ಲವು. ಕಟ್ಟಿದ ವಿದ್ಯಾರ್ಥಿ ಪದವಿ ಮುಗಿಸಿ ಬೆಂಗಳೂರಿಗೋ ಕೊಲ್ಲಿಯ ನಾಡಿಗೋ ಹೊರಟುಹೋದ ಮೇಲೂ ಅವನ ಸಾಧನ ಬದುಕಬೇಕಾದರೆ, ಅದರಲ್ಲಿ ಏನು ಎಲ್ಲಿದೆ ಎಂಬುದನ್ನು ಅವನು ತನ್ನ ತಲೆಯಲ್ಲಿ ಹೊತ್ತುಕೊಂಡು ಹೋಗದೆ, ಎಲ್ಲರೂ ಓದಬಹುದಾದ ವೃಕ್ಷದಲ್ಲಿ ಬರೆದಿಟ್ಟು ಹೋಗಬೇಕು. ಮಂಕಿಯ ತೋಟದ ಒಡೆಯ ದೂರದೂರಿನಲ್ಲಿದ್ದರೂ ತೋಟ ಯಾರದೆಂಬುದು ಹೊನ್ನಾವರದ ಕಚೇರಿಯಲ್ಲಿ ತಿಳಿಯುತ್ತದೆ. ಯಂತ್ರಗಳಿಗೂ ಅಂಥದೊಂದು ಪಹಣಿ ದೊರೆತಿದೆ. ಅದನ್ನು ಸತ್ಯವಾಗಿ ತುಂಬುವ ಹೊಣೆ ಕಟ್ಟುವವರದು.